ನಮ್ಮವ್ವನ ಪಾಳಿ

ನಮ್ಮ ಮನೆಯಲ್ಲಿ ನೀರು ತಂದವರಿಗೇ ಮೊದಲ ರೊಟ್ಟಿ. ಈ ಕಾಯ್ದೆ ಯಾರು ಮಾಡಿದ್ದೋ ಗೊತ್ತಿಲ್ಲ, ನನಗೆ ಬುದ್ಧಿ ಬರುವ ಹೊತ್ತಿಗೆ ಜಾರಿಯಲ್ಲಿತ್ತು. ಸುರಪುರದ ಹಳೇ ಓಣಿಯಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಕಲ್ಲಿನ ಮನೆ ನಮ್ಮದು. ಅಪ್ಪ ಬಡಿಗತನ ಮಾಡುತ್ತಿದ್ದ. ಅಂಗಳದ ತುಂಬ ಅವನ ಕಟ್ಟಿಗೆ, ಹೊಟ್ಟು, ಉಳಿ, ಬಾಚಿ. ಒಳಗೆ ಪಡಸಾಲೆ, ಅದರಾಚೆ ಹೊಗೆಗೆ ಕಪ್ಪಾದ ಅಡುಗೆಮನೆ, ಅದರ ಬಾಗಿಲ ಪಕ್ಕಕ್ಕೆ ಕೊಡ ಇಡುವ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲಿನ ಕೊಡಗಳು ತುಂಬುವ ತನಕ ಒಲೆಯ ಮೇಲೆ ರೊಟ್ಟಿಯ ಹಂಚು ಏರುತ್ತಿರಲಿಲ್ಲ. ತುಂಬಿದ ಮೇಲೆ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಮೊದಲ ರೊಟ್ಟಿ ಉಬ್ಬಿ ಬಂದ ಕೂಡಲೇ ಮುರಿದು ಅರ್ಧ ತನಗೆ, ಅರ್ಧ ನನಗೆ. ಮೇಲೆ ಇಷ್ಟು ಬೆಣ್ಣೆ, ಖಾರದ ಶೇಂಗಾ ಹಿಂಡಿ. ಅಪ್ಪನಿಗೆ ಎರಡನೆಯ ರೊಟ್ಟಿ. ಒಮ್ಮೆ ಮನೆಗೆ ಬಂದ ಸೋದರತ್ತೆ, ಗಂಡಸಿಗಿಂತ ಮೊದಲು ಹೆಂಗಸು ತಿನ್ನುವುದು ಎಲ್ಲಿಯ ರೀತಿ ಎಂದು ದೊಡ್ಡ ಗದ್ದಲ ತೆಗೆದಳು. ಅಪ್ಪ ಒಂದು ಖಾಲಿ ಕೊಡ ತಂದು ಅವಳ ಮುಂದಿಟ್ಟ. ನೀನೂ ತಾ, ನೀನೂ ಮೊದಲು ತಿನ್ನು ಎಂದ. ಆಕೆ ಊರಿಗೆ ಹೋಗುವ ತನಕ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಓಣಿಯಿಂದ ಬಾವಿಗೆ ಹೋಗುವ ದಾರಿ ಒಂದಿಷ್ಟು ಇಳುಕಲು, ಒಂದಿಷ್ಟು ಏರು, ಎಲ್ಲ ಕಡೆ ಬಂಡೆಗಲ್ಲು. ಅವ್ವನ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ನನ್ನ ಕೈಯಲ್ಲಿ ಒಂದು ತಂಬಿಗೆ. ಅದೂ ಮನೆ ಮುಟ್ಟುವ ಹೊತ್ತಿಗೆ ಅರ್ಧ ಚೆಲ್ಲಿರುತ್ತಿತ್ತು. ಮನೆಯಲ್ಲಿ ಅವ್ವ ಮಾತು ಕಡಿಮೆ. ಅಪ್ಪ ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ನೀರಿನ ದಾರಿಯಲ್ಲಿ ಮಾತ್ರ ಅವಳು ಬೇರೆಯೇ ಹೆಂಗಸು. ಯಾರ ಮಗಳು ಎಲ್ಲಿಗೆ ಲಗ್ನವಾದಳು, ಯಾರ ಎಮ್ಮೆ ಈಯಿತು, ತಾನು ಸಣ್ಣವಳಿದ್ದಾಗ ತವರೂರು ರಾಮಸಮುದ್ರದ ಹೊಲದಲ್ಲಿ ಹಾವಿಗೆ ಹೆದರಿ ಮರ ಏರಿ ಇಳಿಯಲಾಗದೆ ಅತ್ತಿದ್ದು, ಇವೆಲ್ಲ ನನಗೆ ಗೊತ್ತಾದದ್ದು ಆ ದಾರಿಯಲ್ಲಿ. ನಮ್ಮ ಜೊತೆಗೆ ಓಣಿಯ ಹುಸೇನಬಿ ಚಾಚಿ ಇರುತ್ತಿದ್ದಳು. ಅವರಿಬ್ಬರೂ ನಗಲು ಹತ್ತಿದರೆ ತಲೆಯ ಮೇಲಿನ ಕೊಡ ಅಲುಗಾಡುತ್ತಿತ್ತು, ಬೀಳುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಬಾವಿಯಲ್ಲಿ ಪಾಳಿ ಹಚ್ಚುತ್ತಿದ್ದರು. ಅವ್ವ ನನ್ನನ್ನು ಪಾಳಿಯಲ್ಲಿ ನಿಲ್ಲಿಸಿ ಕಟ್ಟಿಗೆ ಆಯಲು ಗುಡ್ಡದ ಕಡೆ ಹೋಗುತ್ತಿದ್ದಳು. ದೊಡ್ಡ ಹೆಂಗಸರು ಸುಮ್ಮನೆ ನನ್ನನ್ನು ಸರಿಸಿ ಮುಂದೆ ಹೋಗಲು ನೋಡುವರು. ಏ ಹುಡುಗಾ, ಇದು ಯಾರ ಪಾಳಿ ಎಂದು ಗದರಿಸುವರು. ಆಗ ನಾನು ಎರಡೂ ಕೈಯಿಂದ ಕೊಡದ ಕಂಠ ಹಿಡಿದು ಗಟ್ಟಿಯಾಗಿ ಹೇಳುತ್ತಿದ್ದೆ.

"ನಮ್ಮವ್ವಂದು ಪಾಳಿ ಅದ. ನಾ ನಿಂತೀನಿ."

ಆ ಮಾತಿಗೆ ಯಾರೂ ಎದುರು ಆಡುತ್ತಿರಲಿಲ್ಲ. ಅಷ್ಟು ಸಣ್ಣ ವಯಸ್ಸಿಗೆ ಅಷ್ಟು ದೊಡ್ಡ ಅಧಿಕಾರ ನನಗೆ ಮುಂದೆ ಯಾವ ಕಚೇರಿಯಲ್ಲೂ ಸಿಗಲಿಲ್ಲ.

ಅವ್ವ ಆಗ ತೆಳ್ಳಗಿದ್ದಳು, ಆದರೆ ಸೊರಗಿದವಳಲ್ಲ. ಮುಂಗೈ ಗಟ್ಟಿ, ಹಿಮ್ಮಡಿ ಗಟ್ಟಿ. ದೊಡ್ಡ ದಿಮ್ಮಿ ಕೊಯ್ಯುವಾಗ ಗರಗಸದ ಒಂದು ತುದಿ ಅಪ್ಪ ಹಿಡಿದರೆ ಇನ್ನೊಂದು ತುದಿ ಅವಳೇ ಹಿಡಿಯುತ್ತಿದ್ದಳು. ದಿಮ್ಮಿ ಅಲುಗಬಾರದೆಂದು ನನ್ನನ್ನು ಅದರ ಮೇಲೆ ಕೂಡಿಸುವರು. ನನ್ನ ಮೈಭಾರದಿಂದ ಈ ಜಗತ್ತಿಗೆ ಏನಾದರೂ ಉಪಯೋಗವಾಗಿದ್ದರೆ ಅದೊಂದೇ. ವರ್ಷಕ್ಕೊಮ್ಮೆ ತಿಂಥಣಿಯ ಮೌನೇಶ್ವರನಿಗೆ ನಡೆದು ಹೋಗುತ್ತಿದ್ದೆವು; ನನಗೆ ಇಟ್ಟ ಹೆಸರೂ ಅವನದೇ. ರೊಟ್ಟಿ ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿ ಹೊರಟರೆ, ದಾರಿಯಲ್ಲಿ ನನಗೆ ಕಾಲು ನೋವು ಬಂದಾಗ ಅವ್ವ ಸೊಂಟದ ಮೇಲೆ ಎತ್ತಿಕೊಳ್ಳುವಳು. ನದಿಯ ದಂಡೆ ಕಂಡ ಮೇಲೆ ನಾನು ಇಳಿದು ಓಡುತ್ತಿದ್ದೆ, ಅವ್ವನೂ ಸೀರೆ ಎತ್ತಿ ಕಟ್ಟಿ ನನ್ನ ಬೆನ್ನು ಹತ್ತುವಳು. ಅಪ್ಪ ಹಿಂದಿನಿಂದ ನಗುತ್ತ ಬರುತ್ತಿದ್ದ. ಅವ್ವ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಈಗ ನನ್ನ ಮಗಳಿಗೆ ಹೇಳಿದರೆ ಅವಳು ನಂಬುವುದಿಲ್ಲ.

ನನಗೆ ಯಾದಗಿರಿಯಲ್ಲಿ ಗುಮಾಸ್ತನ ನೌಕರಿ ಸಿಕ್ಕಿತು. ಶಹಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ದಿನಾ ಹೋಗಿ ಬರುವುದು. ಅಪ್ಪ ಅದೇ ವರ್ಷ ತೀರಿಕೊಂಡ. ನಾನು ಮಾಡಿದ ಮೊದಲ ಕೆಲಸ ಮನೆಗೆ ನಳ ಹಾಕಿಸಿದ್ದು. ಎರಡನೆಯದು, ಇನ್ನು ಮೇಲೆ ನೀರಿಗೆ ಹೋಗಕೂಡದು ಎಂದು ಅವ್ವನಿಗೆ ಹೇಳಿದ್ದು. ಅವಳ ಕಷ್ಟ ನೋಡಲಾಗದೆ ಹೇಳಿದೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಅದು ಅರ್ಧ ಮಾತ್ರ ಖರೆ. ಇನ್ನರ್ಧ ಏನೆಂದರೆ, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯೂ ಬಾವಿಗೆ ಹೋಗುವ ದಾರಿಯೂ ಒಂದು ಕಡೆ ಕೂಡುತ್ತಿದ್ದವು. ಇಸ್ತ್ರಿ ಅಂಗಿ ಹಾಕಿ, ಬಗಲಲ್ಲಿ ಬ್ಯಾಗು ಇಟ್ಟು ಹೋಗುವಾಗ ಎದುರಿಗೆ ಕೊಡ ಹೊತ್ತ ಅವ್ವ ಬರುವುದು ನನಗೆ ಬೇಡವಾಗಿತ್ತು. ನಾನು ಇಲ್ಲದಾಗ ಅವಳು ಸುಮ್ಮನೆ ಹುಸೇನಬಿಯ ಜೊತೆ ಹೋಗಿ ಬರುತ್ತಿದ್ದಳು. ಗೊತ್ತಾದ ದಿನ ದೊಡ್ಡ ಜಗಳವಾಯಿತು. ಕೊಡಗಳನ್ನೆಲ್ಲ ಪಾತ್ರೆಯವನಿಗೆ ಹಾಕಿದೆ. ಪೂಜೆಗೆಂದು ಒಂದು ತಾಮ್ರದ ಕೊಡ ಉಳಿಯಿತು. ಅವ್ವ ಅಂದು ಅಳಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಮೊದಲ ರೊಟ್ಟಿ ತೆಗೆದು ಬುಟ್ಟಿಯಲ್ಲಿಟ್ಟು, ನನ್ನ ಕಡೆ ನೋಡದೆಯೇ ಹೇಳಿದಳು.

"ಇನ್ನ ಇದನ್ನ ನಳಕ್ಕ ತಿನ್ಸಬೇಕು ನೋಡು."

ಅದಾದ ಮೇಲೆ ಮೊದಲ ರೊಟ್ಟಿ ಯಾರದೆಂಬ ಮಾತೇ ಮನೆಯಲ್ಲಿ ಹುಟ್ಟಲಿಲ್ಲ. ನನ್ನ ಲಗ್ನವಾಯಿತು. ಹೆಂಡತಿ ಸುವರ್ಣಾ ಕೆಲಸಕ್ಕೆ ಚುರುಕು; ಅತ್ತೆಯನ್ನು ಕೂತಲ್ಲಿಂದ ಏಳಗೊಡಲಿಲ್ಲ. ಬೀಸುವುದಕ್ಕೆ ಗಿರಣಿ, ರುಬ್ಬುವುದಕ್ಕೆ ಮಿಕ್ಸರು, ಒಲೆಗೆ ಗ್ಯಾಸು, ಎಲ್ಲ ಬಂದವು. ಅವ್ವನಿಗೆ ಪಡಸಾಲೆಯಲ್ಲಿ ಒಂದು ಮಂಚ, ಎದುರಿಗೆ ಟಿವಿ. ನಾನು ಕಚೇರಿಯಲ್ಲಿ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಬಸ್ಸಿನಲ್ಲಿ ಸೀಟು ಬಿಟ್ಟು ಏಳುತ್ತಿರಲಿಲ್ಲ, ಮನೆಗೆ ಬಂದು ಅವ್ವನ ಮಂಚದ ಮೇಲೆ ಕೂಡುತ್ತಿದ್ದೆ. ಬರುವಾಗ ಕೈಯಲ್ಲಿ ಬಿಸಿ ಮಿರ್ಚಿ ಭಜಿಯ ಪೊಟ್ಟಣ. ಬಾವಿ ದಾರಿಯ ಮಾತು ಹೋಗಿತ್ತು, ಅದನ್ನು ಭಜಿಯಿಂದ ತುಂಬಿಸಲು ಹೊರಟಿದ್ದೆನೋ ಏನೋ. ಇಬ್ಬರೂ ಧಾರಾವಾಹಿ ನೋಡುತ್ತ, ಚುರುಮುರಿಯಲ್ಲಿ ಭಜಿ ಮುರಿದು ಹಾಕಿಕೊಂಡು ತಿನ್ನುವೆವು. ಅವ್ವ ತನ್ನ ಪಾಲಿನದನ್ನು ನನ್ನ ಕಡೆ ಸರಿಸುವಳು, ನಾನು ಅವಳ ಕಡೆ ಸರಿಸುವೆ. ಹೀಗೆ ಪ್ರೀತಿಯಿಂದಲೇ ಇಬ್ಬರೂ ಊದಿದೆವು. ಅವಳ ಕುಪ್ಪಸ ಬಿಗಿಯಾದ ವರ್ಷವೇ ನನ್ನ ಪ್ಯಾಂಟಿನ ಗುಂಡಿಯೂ ಬಿಗಿಯಾಯಿತು. ಓಣಿಯವರು ತಾಯಿ ಮಗ ಈಗ ಒಂದೇ ಅಚ್ಚು ಎನ್ನುತ್ತಿದ್ದರು. ನನಗೆ ಅದು ಮೆಚ್ಚುಗೆಯ ಮಾತಾಗಿ ಕೇಳಿಸುತ್ತಿತ್ತು, ಅವ್ವನನ್ನು ಚೆನ್ನಾಗಿಟ್ಟಿದ್ದೇನೆ ಎಂದು.

ಒಂದು ಸಲ ತಿಂಥಣಿಗೆ ಕಾರು ಮಾಡಿಕೊಂಡು ಹೋದೆವು. ಕಾರಿನಿಂದ ಗುಡಿಗೆ ನಡೆಯುವಷ್ಟರಲ್ಲಿ ಅವ್ವ ನಡುನಡುವೆ ನಿಂತು ಏದುಸಿರು ಬಿಟ್ಟಳು. ಕೈ ಹಿಡಿಯಲು ಹೋದ ನಾನೂ ಏದುಸಿರು ಬಿಡುತ್ತಿದ್ದೆ. ನದಿಯ ದಂಡೆಗೆ ಇಳಿಯುವುದಿಲ್ಲವೇ ಎಂದು ಕೇಳಿದ್ದಕ್ಕೆ, ನೀರು ಇಲ್ಲಿಂದಲೇ ಕಾಣಿಸುತ್ತದಲ್ಲ ಎಂದಳು. ಅಲ್ಲಿಯೇ ಒಂದು ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವಳು ಒಂದು ಕಾಲಕ್ಕೆ ಓಡಿದ್ದ ಜಾಗ ಅದೇ ಎಂಬುದು ನನಗೆ ನೆನಪಾಯಿತು, ಆದರೆ ಆಗಲೂ ನಾನು ಎದ್ದು ಹೋಗಿ ತಂದದ್ದು ಎರಡು ಪ್ಲೇಟು ಭಜಿಯನ್ನೇ.

ನನ್ನ ಮಗಳು ಭಾಗ್ಯಶ್ರೀ ನರ್ಸಿಂಗ್ ಕಲಿತು ಯಾದಗಿರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಒಂದು ರಜೆಯಲ್ಲಿ ತೂಕ ನೋಡುವ ಯಂತ್ರ ತಂದು ಪಡಸಾಲೆಯ ನಡುವೆ ಇಟ್ಟಳು. ಮೊದಲು ತಾನು ಹತ್ತಿದಳು, ಮುಖ ಸಣ್ಣದು ಮಾಡಿದಳು. ಆಮೇಲೆ ನಾನು. ಅವ್ವನನ್ನು ಕರೆದರೆ, ತಾನೇನು ಜೋಳದ ಚೀಲವೇ ಎಂದು ಬೈದಳು. ಹೇಗೋ ಪುಸಲಾಯಿಸಿ ಹತ್ತಿಸಿದೆವು. ನಗುತ್ತಿದ್ದ ಭಾಗ್ಯ ನಗು ನಿಲ್ಲಿಸಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

"ಅಪ್ಪಾ, ಅಜ್ಜಿ ಕೂತಂಗ ನೀವು ಕುಂತ್ರಿ. ನೀವು ಕುಂತಂಗ ನಾ ಕುಂತೆ. ಮೊದಲ ಅಜ್ಜೀನ ಎಬ್ಬಸ್ರಿ, ಇಲ್ಲಂದ್ರ ಅಕಿ ಕಾಲು ಹೋಗ್ತಾವು."

ಡಾಕ್ಟರೂ ಅದನ್ನೇ ಹೇಳಿದರು. ಅವ್ವನಿಗೆ ಸಕ್ಕರೆ ಕಾಯಿಲೆ, ನನಗೂ ಅದರ ಹೊಸ್ತಿಲು; ಮೊಣಕಾಲು ಉಳಿಯಬೇಕಾದರೆ ಮೈ ಇಳಿಯಬೇಕು, ಮೈ ಇಳಿಯಬೇಕಾದರೆ ಇಬ್ಬರೂ ದಿನಾ ನಡೆಯಬೇಕು. ನಾನು ಇಬ್ಬರಿಗೂ ಬಿಳಿ ಬೂಟು ತಂದೆ. ಅವ್ವ ಅವುಗಳನ್ನು ಮಂಚದ ಕೆಳಗೆ ಸರಿಸಿದಳು. ಕೆಲಸವಿಲ್ಲದೆ ಬೀದಿಯಲ್ಲಿ ಕೈ ಬೀಸಿಕೊಂಡು ಹೋಗುವುದು ಆಕೆಯ ತಿಳಿವಳಿಕೆಯಲ್ಲಿ ಮರ್ಯಾದಸ್ಥ ಹೆಂಗಸು ಮಾಡುವ ಕೆಲಸವಲ್ಲ. ನಮ್ಮ ಓಣಿಯಲ್ಲಿ ಹೊರಬಿದ್ದವರನ್ನು ಎತ್ತ ಹೊಂಟ್ರಿ ಎಂದು ಎಲ್ಲರೂ ಕೇಳುತ್ತಾರೆ, ಕೇಳದಿದ್ದರೆ ಅದು ಅವಮಾನ. ಕೇಳಿದರೆ ಏನು ಹೇಳುವುದು, ಮೈ ಇಳಿಸಲು ಹೊಂಟೀನಿ ಎನ್ನಲೇ ಎಂದಳು. ಗುಡಿಗೆ ಎನ್ನು ಎಂದರೆ, ದೇವರ ಹೆಸರಿನಲ್ಲಿ ಸುಳ್ಳು ಹೇಳುವುದಿಲ್ಲ ಎಂದಳು. ಹಲವು ದಿನ ಹೀಗೇ ಹಗ್ಗಜಗ್ಗಾಟ ನಡೆದ ಮೇಲೆ ದಾರಿ ತೋರಿಸಿದವಳೂ ಅವಳೇ.

"ಬಗಲಾಗ ಒಂದು ಕೊಡ ಇದ್ರ ಬರ್ತೀನಿ. ಕೇಳಿದವ್ರಿಗೆ ನೀರಿಗೆ ಅಂತೀನಿ. ಕೊಡ ಹಿಡದಾಕಿನ್ನ ಯಾರೂ ಯಾಕ ಅನ್ನಂಗಿಲ್ಲ."

ದೇವರ ಮುಂದಿನ ತಾಮ್ರದ ಕೊಡ ಅಂದು ಹೊರಗೆ ಬಂತು. ಬಾವಿಯಲ್ಲಿ ಈಗ ಕಸ ತುಂಬಿದೆ, ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಪಕ್ಕದಲ್ಲಿ ಒಂದು ನೀರಿನ ಟ್ಯಾಂಕು ನಿಂತಿದೆ, ನಳ ಇಲ್ಲದ ಮನೆಗಳವರು ಅಲ್ಲಿ ತುಂಬಿಕೊಳ್ಳುತ್ತಾರೆ. ಬೆಳಗಾಗುತ್ತಲೇ ಅವ್ವ ಮುಂದೆ, ನಾನು ಹಿಂದೆ. ಹೋಗುವಾಗ ಖಾಲಿ ಕೊಡ ಅವಳ ಸೊಂಟದಲ್ಲಿ; ಬರುವಾಗ ಅದರಲ್ಲಿ ಒಂದು ತಂಬಿಗೆಯಷ್ಟು ನೀರು, ಸುಳ್ಳಾಗಬಾರದೆಂದು. ಮೊದಮೊದಲು ಅಲ್ಲಲ್ಲಿ ಬಂಡೆಯ ಮೇಲೆ ಕೂತು ದಣಿವಾರಿಸುವಳು. ಬರಬರುತ್ತ ಕೂಡುವುದು ಕಡಿಮೆಯಾಯಿತು. ಹುಸೇನಬಿ ಚಾಚಿ ನಮ್ಮನ್ನು ನೋಡಿ ತಾನೂ ಜೊತೆಗೆ ಹತ್ತಿದಳು. ಬಂಡೆ, ಏರು, ಇಳುಕಲು ಎಲ್ಲ ಅವೇ, ಅವ್ವನ ಮಾತೂ ಮೊದಲಿನಂತೆ ಹರಿದು ಬಂತು. ಅಪ್ಪನ ಬಗ್ಗೆ ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಆ ದಿನಗಳಲ್ಲಿ ಕೇಳಿದೆ. ಮನೆಗೆ ಬಂದ ಮೇಲೆ ಸುವರ್ಣಾ ಮೊದಲ ರೊಟ್ಟಿ ತಂದರೆ ಅವ್ವ ಅದನ್ನು ಮುರಿದು ಅರ್ಧ ನನ್ನ ಕೈಗೆ ಇಡುತ್ತಿದ್ದಳು. ಬೆಣ್ಣೆ ಇಲ್ಲ, ಡಾಕ್ಟರ ಅಪ್ಪಣೆ. ಆದರೂ ಅಷ್ಟು ರುಚಿಯ ರೊಟ್ಟಿ ನಾನು ಬಹಳ ವರ್ಷ ತಿಂದಿರಲಿಲ್ಲ. ಅವ್ವನ ಮೊಣಕಾಲ ಬಾವು ಇಳಿದಿತ್ತು. ಮಂಚದಿಂದ ಏಳುವಾಗ ಅವಳು ನನ್ನ ಹೆಗಲು ಹುಡುಕುವುದನ್ನು ಬಿಟ್ಟಿದ್ದಳು. ಭಾಗ್ಯ ಬಂದು ಮತ್ತೆ ತೂಕ ನೋಡಿ ಅಜ್ಜಿಯನ್ನು ತಬ್ಬಿಕೊಂಡು, ಮುಂದಿನ ಸಲ ತಿಂಥಣಿಯಲ್ಲಿ ನದಿ ತನಕ ನಡೆಸುತ್ತೇನೆ ಎಂದಳು.

ಆ ಒಂದು ದಿನ ಬರಬಾರದಿತ್ತು. ಟ್ಯಾಂಕಿನಿಂದ ಮರಳಿ ಬರುತ್ತಿದ್ದೆವು. ಹುಸೇನಬಿ ಚಾಚಿ ತನ್ನ ಮನೆಯ ಕಡೆ ತಿರುಗಿದ್ದಳು. ಬಸ್ ಸ್ಟ್ಯಾಂಡಿನ ದಾರಿ ಕೂಡುವಲ್ಲಿ ನಮ್ಮ ಕಚೇರಿಗೆ ಹೊಸದಾಗಿ ಬಂದಿದ್ದ ಒಬ್ಬ ಮೇಲಧಿಕಾರಿ ಮೋಟಾರ್ ಸೈಕಲ್ ನಿಲ್ಲಿಸಿದ. ಅವನಿಗೆ ಸಂಬಂಧಿಕರು ಸುರಪುರದಲ್ಲಿದ್ದರಂತೆ. ನನ್ನ ಬಿಳಿ ಬೂಟು ನೋಡಿದ, ಅವ್ವನ ಸೊಂಟದ ಕೊಡ ನೋಡಿದ, ನಕ್ಕ.

"ಏನ್ರಿ, ಮನ್ಯಾಗ ನಳಾ ಇಲ್ಲೇನು? ವಯಸ್ಸಾದ ತಾಯಿ ಬಗಲಾಗ ಕೊಡ ಇಟ್ಟು ನೀವು ಕೈ ಬೀಸ್ಕೊಂತ ಬರಾಕತ್ತೀರಲ್ಲ?"

ಡಾಕ್ಟರು ನಡೆಯಲು ಹೇಳಿದ್ದಾರೆ ಎನ್ನಬಹುದಿತ್ತು. ಅವ್ವನ ಜೊತೆ ನಾನೂ ನಡೆಯುತ್ತಿದ್ದೇನೆ ಎನ್ನಬಹುದಿತ್ತು. ನೀರು ಒಂದೇ ತಂಬಿಗೆ ಇದೆ, ಬಗ್ಗಿ ನೋಡಿ ಎನ್ನಬಹುದಿತ್ತು. ಇದ್ಯಾವುದೂ ನನ್ನ ಬಾಯಿಗೆ ಬರಲಿಲ್ಲ. ನಾಚಿಕೆ ಬಂತು, ನಾಚಿಕೆಯ ಬೆನ್ನಿಗೇ ಮಾತು ಬಂತು. ಅವ್ವ ನನ್ನ ಮಗ್ಗುಲಲ್ಲೇ ನಿಂತಿದ್ದಳು.

"ನಳಾ ಅದ ರೀ. ನಮ್ಮವ್ವಂದು ತಲಿ ನೆಟ್ಟಗಿಲ್ರಿ ಈಗ. ಹೇಳಿದ್ರ ಕೇಳಂಗಿಲ್ಲ, ಕೊಡ ತಗೊಂಡು ಬಂದುಬಿಡ್ತಾಳ."

ಅವನು ಅಯ್ಯೋ ಪಾಪ ಎಂದು ಗಾಡಿ ಚಾಲೂ ಮಾಡಿ ಹೋದ. ಅವ್ವ ಸೊಂಟದ ಕೊಡ ಸರಿಮಾಡಿಕೊಂಡು ಮುಂದೆ ನಡೆದಳು. ಮನೆಯ ತನಕ ನಾನೇ ಏನೇನೋ ಮಾತಾಡಿದೆ: ಅವನು ಅಂಥವನು, ಅವನ ಬಾಯಿ ಮುಚ್ಚಿಸಲು ಹಾಗೆಂದೆ ಎಂದೆ. ಅಂಗಳಕ್ಕೆ ಬಂದು ಅವಳು ಕೊಡದಲ್ಲಿದ್ದ ನೀರನ್ನು ತುಳಸಿಗೆ ಹಾಕಿದಳು. ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ, ಒರೆಸಿ, ದೇವರ ಮುಂದೆ ಬೋರಲು ಹಾಕಿದಳು. ಸುವರ್ಣಾ ತಂದ ರೊಟ್ಟಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ನಾನು ಬೂಟು ಹಾಕಿ ನಿಂತು ಕರೆದಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ತಲಿ ನೆಟ್ಟಗಿಲ್ದಾಕಿ ಎಲ್ಲಿಗಿ ಹೋಗಬೇಕಪ."

ಮುಂದೆ ಯಾರು ಕರೆದರೂ ಅವಳು ನಡೆಯಲು ಏಳಲಿಲ್ಲ. ಕಾಲಿಗೆ ಬಿದ್ದೆ, ಕಾಲು ಹಿಂದೆ ಎಳೆದುಕೊಂಡಳೇ ಹೊರತು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ನಡೆಯುವುದಿಲ್ಲವೆಂದು ನಾನೂ ಬಿಟ್ಟೆ. ಒಬ್ಬನೇ ಹೇಗೆ ಹೋಗುವುದು ಎಂಬುದು ನೆವ. ಆ ದಾರಿ ಕೂಡುವ ಜಾಗವನ್ನು ದಾಟಲು ನನಗೆ ಧೈರ್ಯವಿರಲಿಲ್ಲ. ಇಳಿದಿದ್ದ ಮೈ ಇಬ್ಬರಿಗೂ ಮರಳಿ ಬಂತು, ಬಡ್ಡಿ ಸಮೇತ. ಅವ್ವನ ಮೊಣಕಾಲು ಮತ್ತೆ ಬಾತವು, ಗೋಡೆ ಹಿಡಿದು ಬಚ್ಚಲಿಗೆ ಹೋಗುವಂತಾಯಿತು. ಒಂದು ಮುಂಜಾನೆ ಅಲ್ಲಿಯೇ ಕುಸಿದು ಬಿದ್ದಳು, ಸೊಂಟದ ಮೂಳೆ ಮುರಿಯಿತು. ಅದೇ ಸೊಂಟ, ನನ್ನನ್ನು ಹೊತ್ತದ್ದು, ಕೊಡ ಹೊತ್ತದ್ದು. ಆಪರೇಷನ್ ಆಯಿತು. ಮೈಭಾರ ಇಷ್ಟಿಲ್ಲದಿದ್ದರೆ ಮತ್ತೆ ಎದ್ದು ನಿಲ್ಲಬಹುದಿತ್ತು ಎಂದು ಡಾಕ್ಟರು ಹೇಳಿದಾಗ ಭಾಗ್ಯ ನನ್ನ ಕಡೆ ನೋಡಲಿಲ್ಲ. ಅವ್ವ ನಡೆಯುವುದನ್ನು ಬಿಡಿಸಿದ ಆ ದಿನದ ಮಾತು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅವ್ವ ಯಾರಿಗೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೊನ್ನೆ ನಾನೇ ಹೇಳಿದೆ. ಅವಳು ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚಲು ಎದ್ದು ಹೋದಳು.

ಅವ್ವ ಈಗ ಅದೇ ಮಂಚದ ಮೇಲಿದ್ದಾಳೆ. ಎಬ್ಬಿಸಿ ದಿಂಬಿಗೆ ಆನಿಸಿದರೆ ಕೂಡುತ್ತಾಳೆ. ನಾನು ನಿವೃತ್ತನಾಗಿದ್ದೇನೆ. ಭಾಗ್ಯನಿಗೆ ಹೇಳಿದ ಮರುದಿನ ಬೆಳಿಗ್ಗೆ ದೇವರ ಮುಂದಿನ ತಾಮ್ರದ ಕೊಡವನ್ನು ತೆಗೆದು ಬಗಲಲ್ಲಿಟ್ಟುಕೊಂಡು ಹೊರಬಿದ್ದೆ. ಗಂಡಸು, ಅದೂ ಸಾಹೇಬ ಅನ್ನಿಸಿಕೊಂಡವನು, ಬಗಲಲ್ಲಿ ಕೊಡ ಇಟ್ಟುಕೊಂಡು ಹೋಗುವುದನ್ನು ಓಣಿ ಬಾಗಿಲು ಬಾಗಿಲಿಗೆ ನಿಂತು ನೋಡಿತು. ಏರಿನಲ್ಲಿ ಅವ್ವ ಕೂಡುತ್ತಿದ್ದ ಬಂಡೆಯ ಮೇಲೆ ನಾನೂ ಕೂತು ದಣಿವಾರಿಸಿಕೊಂಡೆ. ದಾರಿ ಕೂಡುವ ಜಾಗ ದಾಟಿದೆ. ಟ್ಯಾಂಕಿನ ಹತ್ತಿರ ಹುಸೇನಬಿ ಚಾಚಿ ಇದ್ದಳು, ಬೇರೆ ಹೆಂಗಸರೂ ಇದ್ದರು. ಈ ಸಲ ಕೊಡವನ್ನು ಕಂಠದ ತನಕ ತುಂಬಿದೆ. ಮನೆ ಮುಟ್ಟುವ ಹೊತ್ತಿಗೆ ಅಂಗಿ ತೊಯ್ದಿತ್ತು, ಎದೆ ಡವಗುಟ್ಟುತ್ತಿತ್ತು. ಕೊಡವನ್ನು ಮಂಚದ ಪಕ್ಕ ಇಳಿಸಿದೆ. ಅವ್ವ ಕೊಡ ನೋಡಿದಳು, ನನ್ನನ್ನು ನೋಡಿದಳು.

"ದಾರ್ಯಾಗ ಯಾರರೆ ಕೇಳಿದ್ರೇನು?"

"ಚಾಚಿ ಕೇಳಿದ್ಲು. ನೀ ಯಾಕ ಕೊಡ ಹಿಡದಿ ಅಂದ್ಲು."

"ಏನಂದಿ?"

"ನಮ್ಮವ್ವಂದು ಪಾಳಿ ಅದ, ನಾ ನಿಂತೀನಿ ಅಂದೆ."

ಅವ್ವ ಕೈ ಚಾಚಿ ಕೊಡದ ಕಂಠ ಮುಟ್ಟಿದಳು. ಬೆರಳು ಒದ್ದೆಯಾಯಿತು, ಅದನ್ನು ಕಣ್ಣಿಗೆ ಒತ್ತಿಕೊಂಡಳು.

"ಅವತ್ತ ಇಷ್ಟ ಅಂದಿದ್ರ ಸಾಕಿತ್ತಲ್ಲೊ ಯಪ್ಪಾ."

ಅಷ್ಟರಲ್ಲಿ ಸುವರ್ಣಾ ಮೊದಲ ರೊಟ್ಟಿ ತಂದಿಟ್ಟಳು. ಮುರಿದು ಅರ್ಧ ಅವ್ವನ ಮುಂದೆ ಹಿಡಿದೆ. ಅವ್ವ ನನ್ನ ಕೈಯನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದಳು.

"ಎರಡೂ ನೀನ ತಿನ್ನು. ನಾ ನೀರು ತಂದಿಲ್ಲ."